ಉದ್ದ ಪದಕ್ಕೆ ಹೆದರಬೇಡಿ, ಬಿಡಿಸಿ ಓದಿ

ಇಟಲಿಯಲ್ಲಿ ವೈದ್ಯಕೀಯ ಓದುವ ಆಸೆಯುಳ್ಳವರು ನಮ್ಮ ವಿಜ್ಞಾನ ವಿಭಾಗದಲ್ಲಿದ್ದಾರೆ. ಪಾವಿಯಾ, ಬೊಲೋನ್ಯಾ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ನಡೆಯುವ ಕೋರ್ಸುಗಳಿವೆ. ಆದರೆ ವಾರ್ಡಿನಲ್ಲಿ ರೋಗಿ ಆಡುವುದು ಇಟಾಲಿಯನ್. ಆದ್ದರಿಂದ ಪದದ ಅರ್ಥದಷ್ಟೇ ಉಚ್ಚಾರಣೆಯೂ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಕಿವಿ-ಮೂಗು-ಗಂಟಲು ತಜ್ಞರಿಗೆ ಅಲ್ಲಿನ ಪದ ಒ-ತೊ-ರಿ-ನೊ-ಲ-ರಿನ್-ಗೊ-ಯಾ-ತ್ರ. ಒಟ್ಟು 9 ತುಂಡು. ದನಿಯ ಒತ್ತು 8ನೆಯ 'ಯಾ' ಮೇಲೆ. ನಮ್ಮ 'ಅಮ್-ಮ'ದಂತೆ ಅಲ್ಲಿಯೂ ಸಜಾತೀಯ ಒತ್ತಕ್ಷರ ಎರಡು ಕಡೆಗೆ ಒಡೆಯುತ್ತದೆ. 'ತ್ರ' ಮಾತ್ರ ಒಡೆಯುವುದಿಲ್ಲ.

ಕೊನೆಯಿಂದ 2ನೆಯ ತುಂಡಿಗೆ ಒತ್ತು ಬೀಳುವುದು ಇಟಾಲಿಯನ್ನಿನ ಸಾಮಾನ್ಯ ರೂಢಿ. ಅದೊಂದನ್ನೇ ನಂಬಿದರೆ ಸಾಲದು. ಹೃದ್ರೋಗ ತಜ್ಞ 'ಕಾರ್-ದ್ಯೋ-ಲೊ-ಗೊ'. ಒತ್ತು 'ದ್ಯೋ' ಮೇಲೆ. ಹೃದ್ರೋಗ ಶಾಸ್ತ್ರ 'ಕಾರ್-ದ್ಯೊ-ಲೊ-ಜೀ-ಅ'. ಒತ್ತು 'ಜೀ'ಗೆ ಜಾರುತ್ತದೆ. ಬರಹದಲ್ಲಿ ಎರಡಕ್ಕೂ ಒತ್ತಿನ ಗುರುತು ಹಾಕುವುದಿಲ್ಲ.

ಹಾಗಾಗಿ ಇಡೀ ಪದವನ್ನು ಉರು ಹೊಡೆಯುವ ಬದಲು ಬಾಲವನ್ನು ಹಿಡಿಯಿರಿ. 'ಲೊಗೊ' ಬಂದರೆ ಅದರ ಹಿಂದಿನ ತುಂಡಿಗೆ ಒತ್ತು. 'ಲೊಜೀಅ' ಬಂದರೆ 'ಜೀ'ಗೆ. ನರರೋಗ, ಚರ್ಮರೋಗದ ಪದಗಳಿಗೂ ಇದೇ ಸೂತ್ರ. ಒಂದನ್ನು ಸರಿಯಾಗಿ ಕಲಿತರೆ ಹತ್ತು ಪದ ನಾಲಿಗೆಗೆ ಬರುತ್ತವೆ. ಜೀವಶಾಸ್ತ್ರದ ಉದ್ದುದ್ದ ಹೆಸರುಗಳನ್ನೂ ಹೀಗೆ ಬಿಡಿಸಿ ಓದಿ ನೋಡಿ.