ಇ ಹೋಗಿ ಜಿ ಬಂತು, ಡೆಮೊ ನಿಂತೋಯ್ತು

ಪ್ರಾಜೆಕ್ಟ್ ಡೆಮೊ ದಿನ, ಬೆಳಗ್ಗೆ ಒಂಬತ್ತೂವರೆ. ನಾವು ನಾಲ್ಕು ಜನ ಲ್ಯಾಬಿನ ಕಂಪ್ಯೂಟರಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿ ಕೂತ್ವಿ. ತೋಟ ತೋಟ ಅಲೆದು ತೆಗೆದಿದ್ದ ಅಡಿಕೆ ಎಲೆಚುಕ್ಕಿ ರೋಗದ ಫೋಟೋಗಳೆಲ್ಲ ಅದರಲ್ಲೇ ಇದ್ವು. ಪ್ರೋಗ್ರಾಂ ರನ್ ಮಾಡಿದ್ರೆ ಬಂದಿದ್ದು ಒಂದೇ ಉತ್ತರ: ಫೈಲ್ ಸಿಗಲಿಲ್ಲ. ನಮ್ಮ ಲ್ಯಾಪ್‌ಟಾಪಿನಲ್ಲಿ 'ಇ' ಆಗಿದ್ದ ಡಿಸ್ಕ್ ಇಲ್ಲಿ 'ಜಿ' ಆಗಿತ್ತು. 'ಇ' ಲ್ಯಾಬ್ ಕಂಪ್ಯೂಟರಿನದೇ ಪಾರ್ಟಿಷನ್.

ಅಷ್ಟರಲ್ಲಿ ಇನ್ನೊಂದು ಮೆಸೇಜು: 'ಎಚ್' ಡ್ರೈವ್ ಬಳಸಬೇಕಾದ್ರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ. ಗಾಬರಿಯಲ್ಲಿ ನಮ್ಮವನೊಬ್ಬ ಮೌಸ್ ಅಲ್ಲಿಗೇ ಒಯ್ದ. ಪಕ್ಕದವಳು ಕೈ ಹಿಡಿದುಕೊಂಡಳು. ಅದು ಉಬುಂಟುಗೋಸ್ಕರ ನಾವೇ ಮಾಡಿದ್ದ ಎರಡನೇ ಪಾರ್ಟಿಷನ್. ಟ್ರೇನ್ ಮಾಡಿದ ಮಾಡೆಲ್‌ಗಳು ಅಲ್ಲಿದ್ವು, ಬೇರೆ ಕಾಪಿ ಇರಲಿಲ್ಲ. ವಿಂಡೋಸ್‌ಗೆ ಇಎಕ್ಸ್‌ಟಿ4 ತಾನಾಗಿ ಓದೋಕೆ ಬರಲ್ಲ, ಅದಕ್ಕೇ ಫಾರ್ಮ್ಯಾಟ್ ಮಾಡು ಅಂತಿತ್ತು. ಆ ಒಂದು ಕ್ಲಿಕ್ಕು ಆಗಿದ್ದಿದ್ರೆ ಒಂದು ಸೆಮಿಸ್ಟರ್ ಕೆಲಸ ನೀರಲ್ಲಿ ಹೋಮ.

ಆವತ್ತು ನಾವು ಬೈದಿದ್ದು ವಿಂಡೋಸನ್ನ. ಈಗ ಯೋಚನೆ ಮಾಡಿದ್ರೆ ತಪ್ಪು ನಮ್ಮದೇ ಅನಿಸುತ್ತೆ. ಡ್ರೈವ್ ಅಕ್ಷರ ಡಿಸ್ಕಿನೊಳಗೆ ಇರುತ್ತೆ ಅಂತ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾವೇ ನಂಬಿದ್ವಿ. ಅದು ಅಲ್ಲಿರಲ್ಲ. ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ 'ಮೌಂಟೆಡ್ ಡಿವೈಸಸ್' ಅನ್ನೋ ಜಾಗದಲ್ಲಿ ಯಾವ ವಾಲ್ಯೂಮಿಗೆ ಯಾವ ಅಕ್ಷರ ಅಂತ ಬರೆದಿರುತ್ತೆ. ಹಾಗಾಗಿ ಪ್ರತಿ ಕಂಪ್ಯೂಟರಿಗೂ ಅದರದ್ದೇ ಲೆಕ್ಕ.

ಇದು ಬಸ್ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ. ನೀವು ಬರೋಷ್ಟರಲ್ಲಿ ಬೇರೆ ಪೆನ್‌ಡ್ರೈವ್ ಆ ಸೀಟಲ್ಲಿ ಕೂತಿದ್ರೆ ನಿಮಗೆ ಬೇರೆ ಸೀಟು. ಬೇರೆ ಬಸ್ಸಿಗೆ ಹತ್ತಿದ್ರೆ ಆ ಕರ್ಚೀಫಿಗೆ ಬೆಲೆಯೇ ಇಲ್ಲ. ಈ ಅಕ್ಷರದ ಪದ್ಧತಿ ಫ್ಲಾಪಿ ಕಾಲದ್ದು. ಸಿಪಿ/ಎಂನಿಂದ 1981ರ ಡಾಸ್‌ಗೆ ಬಂತು. ಎ, ಬಿ ಎರಡೂ ಫ್ಲಾಪಿಗೆ ಹೋಗಿದ್ದಕ್ಕೇ ಹಾರ್ಡ್ ಡಿಸ್ಕ್ ಇವತ್ತಿಗೂ ಸಿ ಇಂದ ಶುರು.

ಸ್ವಂತ ಲ್ಯಾಪ್‌ಟಾಪಿನಲ್ಲಿ ಸರಿ ಮಾಡೋದು ಎರಡು ನಿಮಿಷದ ಕೆಲಸ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆಗೀರಿ. ಸೈಜ್ ನೋಡಿ ನಿಮ್ಮ ಡಿಸ್ಕ್ ಯಾವುದು ಅಂತ ಖಾತ್ರಿ ಮಾಡ್ಕೊಳ್ಳಿ. ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್', ಆಮೇಲೆ 'ಚೇಂಜ್'. ಹಳೇ ಅಕ್ಷರ ಖಾಲಿ ಇದ್ರೆ ಅದನ್ನೇ ಕೊಡಿ. ಹೊಸದಾಗಿ ಕೊಡೋದಾದ್ರೆ ಪಿ, ಆರ್ ಥರದ್ದು ವಾಸಿ. ವಿಂಡೋಸ್ ಸಾಮಾನ್ಯವಾಗಿ ಮೊದಲಿನ ಖಾಲಿ ಅಕ್ಷರಗಳನ್ನೇ ಹಂಚುತ್ತೆ, ಹಿಂದಿನ ಸೀಟಿಗೆ ಪೈಪೋಟಿ ಕಮ್ಮಿ. ಕೆಲವು ಪ್ರೋಗ್ರಾಂ ಓಡದೇ ಇರಬಹುದು ಅಂತ ಎಚ್ಚರಿಕೆ ಬರುತ್ತೆ. ಹಳೇ ಶಾರ್ಟ್‌ಕಟ್ ಕೆಡಬಹುದು, ಫೈಲುಗಳಿಗೆ ಏನೂ ಆಗಲ್ಲ. ಆದ್ರೆ ಸಿ ಡ್ರೈವ್ ಮುಟ್ಟಬೇಡಿ. 'ಫಾರ್ಮ್ಯಾಟ್', 'ಇನಿಶಿಯಲೈಸ್' ಅಂತ ಏನು ಕೇಳಿದ್ರೂ ಮೊದಲು ಕ್ಯಾನ್ಸಲ್ ಒತ್ತಿ, ಆಮೇಲೆ ಯೋಚನೆ ಮಾಡಿ.

ಇಷ್ಟು ಮಾಡಿದ್ರೆ ಮುಗೀತಾ? ಇಲ್ಲ. ನಾವು ಹೇಳಬೇಕು ಅಂತಿರೋದು ಇಲ್ಲಿಂದ ಶುರು. ಲ್ಯಾಬಿನಲ್ಲಿ ನಮಗೆ ಅಡ್ಮಿನ್ ಪಾಸ್‌ವರ್ಡ್ ಇರಲ್ಲ, ಅಕ್ಷರ ಬದಲಿಸೋಕೆ ಆಗಲ್ಲ. ಆವತ್ತು ನಮ್ಮನ್ನ ಉಳಿಸಿದ್ದು ಹನ್ನೊಂದು ಕಡೆ ಕೈಯಾರೆ 'ಇ' ಅಳಿಸಿ 'ಜಿ' ಬರೆದಿದ್ದು. ಒಂದು ಕಡೆ ಬಿಟ್ಟುಹೋಗಿ ಎಕ್ಸಾಮಿನರ್ ಎದುರೇ ಮತ್ತೆ ನಿಂತಿತು. ಕೋಡ್ ಬೇರೆ ಕಂಪ್ಯೂಟರಿಗೆ ಹೋದ ತಕ್ಷಣ ನಿಲ್ಲುತ್ತೆ ಅಂದ್ರೆ ಆ ಪ್ರಾಜೆಕ್ಟ್ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ. ಡೇಟಾ ಫೋಲ್ಡರನ್ನ ಕೋಡಿನ ಪಕ್ಕದಲ್ಲೇ ಇಟ್ಟು, ಪ್ರೋಗ್ರಾಂ ಫೈಲ್ ಇರೋ ಜಾಗದಿಂದ ದಾರಿ ಲೆಕ್ಕ ಹಾಕಿಸಿ. ಪೈಥಾನಿನ 'ಪಾತ್‌ಲಿಬ್' ಇರೋದೇ ಇಂಥದಕ್ಕೆ. ಅದು ಆಗದಿದ್ರೆ ದಾರಿಯನ್ನ ಒಂದೇ ಕಾನ್ಫಿಗ್ ಫೈಲಿನಲ್ಲಿ ಬರೀರಿ, ಒಂದು ಸಾಲು ತಿದ್ದಿದ್ರೆ ಸಾಕು. ಅಕ್ಷರಗಳೇ ಇಲ್ಲದ ಲಿನಕ್ಸಿನಲ್ಲೂ ನಡೆಯುತ್ತೆ.

'ಇದೆಲ್ಲ ಚಿಕ್ಕ ವಿಷಯ, ಸಿಲಬಸ್‌ನಲ್ಲೂ ಇಲ್ಲ' ಅನ್ನೋರಿದ್ದಾರೆ. ನಿಜ, ಇಲ್ಲ. ಆದ್ರೆ ನಾವು ಸೋತಿದ್ದು ಅಲ್ಗಾರಿದಮ್ಮಿನಲ್ಲಲ್ಲ, ಒಂದು ಅಕ್ಷರದಲ್ಲಿ. ಜೂನಿಯರ್‌ಗಳು 'ಅಣ್ಣಾ, ಡ್ರೈವ್ ಕಾಣ್ತಿಲ್ಲ' ಅಂತ ಬಂದ್ರೆ ನಗಬೇಡಿ, ಪಕ್ಕದಲ್ಲಿ ಕೂರಿಸಿ ತೋರಿಸಿ. ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟಿನ ಎರಡನೇ ಕಾಪಿ ಮಾಡಿ, ರೂಮ್‌ಮೇಟ್ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕಿ ಒಂದ್ಸಲ ರನ್ ಮಾಡಿ ನೋಡಿ. ಅಲ್ಲಿ ಓಡಿದ್ರೆ ಡೆಮೊ ದಿನ ನಿಶ್ಚಿಂತೆಯಿಂದ ತಿಂಡಿ ತಿಂದ್ಕೊಂಡು ಹೋಗಬಹುದು. ನಾವಂತೂ ಆವತ್ತು ತಿಂಡಿ ತಿಂದಿರಲಿಲ್ಲ.