ನೊಬೆಲ್ ಬಂದದ್ದು ಏಕಾದಶಿಗಲ್ಲ

ಏಕಾದಶಿ ಬಂತೂ ಅಂದ್ರೆ ನಮ್ಮ ನೆಂಟರಿಷ್ಟರ ವಾಟ್ಸ್ಯಾಪ್ ಗುಂಪಲ್ಲಿ ಒಂದು ಮೆಸೇಜು ಗ್ಯಾರಂಟಿ. ಉಪವಾಸ ಮಾಡಿದ್ರೆ ದೇಹ ಕ್ಯಾನ್ಸರ್ ಕೋಶಗಳನ್ನ ತಾನೇ ತಿಂದು ಮುಗಿಸತ್ತಂತೆ, ಅದನ್ನ ಕಂಡುಹಿಡಿದ ಜಪಾನಿನವರಿಗೆ ನೊಬೆಲ್ ಬಂತಂತೆ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತಂತೆ. ನಿಮ್ಮಲ್ಲೂ ಓಡಾಡಿರತ್ತೆ ಬಿಡಿ.

ದೇವರ ಮೇಲಿನ ಭಕ್ತಿಗೆ ಉಪವಾಸ ಇರೋರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಆ ನೊಬೆಲ್ ಬಗ್ಗೆ. ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ಪ್ರಶಸ್ತಿ ಬಂದದ್ದು ನಿಜ. ಆದರೆ ಅವರು ಹಸಿವಲ್ಲಿಟ್ಟದ್ದು ಬ್ರೆಡ್ ಉಬ್ಬಿಸೋ ಯೀಸ್ಟನ್ನ! ಅದರಲ್ಲಿ ಆಟೊಫೇಜಿಗೆ ಬೇಕಾದ 15 ಜೀನುಗಳನ್ನ 1993ರಲ್ಲಿ ಗುರುತಿಸಿದ್ರು.

ಆಟೊಫೇಜಿ ಅಂದ್ರೆ ಜೀವಕೋಶ ತನ್ನೊಳಗಿನ ಕೆಟ್ಟುಹೋದ ಪ್ರೊಟೀನು, ಹಳೇ ಮೈಟೊಕಾಂಡ್ರಿಯ ಎಲ್ಲಾ ಒಂದು ಪೊರೆಯ ಚೀಲದಲ್ಲಿ ಕಟ್ಟಿ, ಲೈಸೊಸೋಮಿಗೆ ಸುರಿದು, ಅರಗಿಸಿ, ಬಂದ ಸಾಮಾನನ್ನ ಮತ್ತೆ ಬಳಸೋದು. ಒಂದು ಕೋಶ ಇನ್ನೊಂದನ್ನ ಹುಡುಕಿಕೊಂಡು ಹೋಗಿ ತಿನ್ನೋದಲ್ಲ. ತನ್ನದನ್ನ ತಾನು ತಿಂದು ಬದುಕೋ ಈ ವಿದ್ಯೆ ಕ್ಯಾನ್ಸರ್ ಕೋಶಕ್ಕೂ ಗೊತ್ತು. ಇದನ್ನ ಆ ಮೆಸೇಜು ಹೇಳೋದಿಲ್ಲ.

ಹಾಗಾದ್ರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಬೆಕ್ಲಿನ್ 1 ಅನ್ನೋ ಜೀನಿನಿಂದ, ಬಹುಮಟ್ಟಿಗೆ. ಯೀಸ್ಟಿನ ಒಂದು ಆಟೊಫೇಜಿ ಜೀನಿಗೆ ನಮ್ಮಲ್ಲಿರೋ ಸೋದರ ಇದು. ಅಮೆರಿಕದ ಬೆತ್ ಲೆವಿನ್ ಅವರ ತಂಡ 1999ರಲ್ಲಿ ಸ್ತನ ಕ್ಯಾನ್ಸರಿನ ಕೋಶಗಳಿಗೆ ಇದನ್ನ ಸೇರಿಸಿ ನೋಡಿತು. ಆಟೊಫೇಜಿ ಚುರುಕಾಯ್ತು, ಇಲಿಗಳಲ್ಲಿ ಗಡ್ಡೆ ಬೆಳೆಯೋದು ಕಡಿಮೆಯಾಯ್ತು. 2003ರಲ್ಲಿ, ಈ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನ ತೆಗೆದ ಇಲಿಗಳಿಗೆ ತಾನಾಗೇ ಗಡ್ಡೆ ಬರೋದು ಹೆಚ್ಚು ಅಂತ ಎರಡು ತಂಡಗಳು ತೋರಿಸಿದ್ವು. ಮನುಷ್ಯರ ಎಷ್ಟೋ ಸ್ತನ, ಅಂಡಾಶಯ ಗಡ್ಡೆಗಳಲ್ಲೂ ಒಂದು ಪ್ರತಿ ಕಾಣೆಯಾಗಿತ್ತು. ಕಥೆ ಮುಗೀತು ಅನ್ನಿಸತ್ತೆ ಅಲ್ವಾ?

ಮುಗೀಲಿಲ್ಲ. 17ನೇ ಕ್ರೋಮೊಸೋಮಿನಲ್ಲಿ ಬೆಕ್ಲಿನ್ 1ರ ಪಕ್ಕದ ಬೀದಿಯಲ್ಲೇ ಬಿಆರ್‌ಸಿಎ1 ಇದೆ, ಸ್ತನ ಕ್ಯಾನ್ಸರಿಗೆ ಹೆಸರಾದ ಜೀನು. 2014ರಲ್ಲಿ ಬಹಳಷ್ಟು ಗಡ್ಡೆಗಳ ಡೇಟಾ ಕೂಡಿಸಿ ನೋಡಿದಾಗ, ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನಲ್ಲಿ ಬೆಕ್ಲಿನ್ ಒಂದೇ ಹೋಗಿರೋದಕ್ಕೆ ಪುರಾವೆ ಸಿಗಲಿಲ್ಲ, ಹೋದಾಗ ಬಿಆರ್‌ಸಿಎ1 ಜೊತೆಗೇ ಹೋಗಿತ್ತು. ನಮ್ಮ ಫೀಲ್ಡಿನವರಿಗೆ ಇದು ಥಟ್ಟನೆ ಅರ್ಥವಾಗತ್ತೆ. ಯಾರೋ ಒಂದೇ ಏಟಿಗೆ ಅಕ್ಕಪಕ್ಕದ ಎರಡು ಫೈಲು ಡಿಲೀಟ್ ಮಾಡಿದಾರೆ, ಬಿಲ್ಡ್ ಒಡೆದಿದೆ. ಯಾವ ಫೈಲಿಂದ ಅಂತ ಹೇಗೆ ಹೇಳ್ತೀರಿ? ಇಲಿಗಳ ಫಲಿತಾಂಶ ಹಾಗೇ ನಿಂತಿದೆ, ನಿಜ. ಮನುಷ್ಯರ ವಿಷಯ ಮಾತ್ರ ಫಾರ್ವರ್ಡ್ ಮಾಡೋವಷ್ಟು ಸಲೀಸಲ್ಲ.

ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸ್ಕೋಬೇಕು ಅಂತೀರಾ? ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಕೀಮೋ ನಡೀತಿತ್ತು. ಊಟ ಮೊದಲೇ ಸೇರ್ತಿರಲಿಲ್ಲ. ನೋಡೋಕೆ ಬಂದೋರೊಬ್ರು ಇದೇ ಮೆಸೇಜು ತೋರಿಸಿ "ವಾರಕ್ಕೆರಡು ದಿನ ನಿಟ್ಟುಪವಾಸ ಮಾಡಿ, ಗಡ್ಡೆ ತಾನೇ ಕರಗತ್ತೆ" ಅಂದ್ರಂತೆ. ಚಿಕ್ಕಮ್ಮ ಯಾರಿಗೂ ಹೇಳದೆ ಮೂರು ವಾರ ಮಾಡಿದ್ರು. ತೂಕ ಇಳಿದದ್ದು ನೋಡಿ ಡಾಕ್ಟರು ಕೇಳಿದಾಗಲೇ ಮನೆಯವರಿಗೆ ಗೊತ್ತಾಗಿದ್ದು. ಫಾರ್ವರ್ಡ್ ಮಾಡಿದವರಿಗೆ ಇದೊಂದೂ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ನನಗೆ ಸಿಟ್ಟು ಬರೋದು ಅಲ್ಲಿ.

ತಮಾಷೆ ಅಂದ್ರೆ ಕ್ಯಾನ್ಸರ್ ಸಂಶೋಧಕರಲ್ಲಿ ಹಲವರು ಆಟೊಫೇಜಿಯನ್ನ ನಿಲ್ಲಿಸೋಕೆ ಒದ್ದಾಡ್ತಿದ್ದಾರೆ. ಬೆಳೆದ ಗಡ್ಡೆ ಎಷ್ಟೋ ಸಲ ಬದುಕೋದೇ ಅದರಿಂದ ಅಂತ ಅವರ ಲೆಕ್ಕ. 2020ರಲ್ಲಿ ಕೊರೋನಾ ಗಲಾಟೆಯಲ್ಲಿ ಎಲ್ಲರ ಬಾಯಲ್ಲಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಲೈಸೊಸೋಮಿನ ಕೆಲಸ ಕೆಡಿಸತ್ತೆ. ಅದನ್ನೇ ಕೀಮೋ ಜೊತೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರಿಗೆ ಕೊಟ್ಟು ನೋಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯ್ತು. ಗಡ್ಡೆ ಕುಗ್ಗಿದವರು ಹೆಚ್ಚಿದ್ರು, ಆದರೆ ಒಂದು ವರ್ಷ ಬದುಕಿದವರ ಪ್ರಮಾಣ ಹೆಚ್ಚಲಿಲ್ಲ.