ಭೂಭರ್ತಿ ಘಟಕಗಳಿಂದ ಹೊರಸೂಸುವ ಮೀಥೇನ್ ಅನಿಲದ ಅಂದಾಜು: ಒಂದು ಅವಲೋಕನ

ಹಿನ್ನೆಲೆ

ಬೆಂಗಳೂರು ನಗರದ ಘನತ್ಯಾಜ್ಯವನ್ನು ವರ್ಷಗಟ್ಟಲೆ ಸುರಿಯಲಾಗುತ್ತಿದ್ದ ಮಾವಳ್ಳಿಪುರ ಹಾಗೂ ಮಂಡೂರು ಘಟಕಗಳಲ್ಲಿ, ಗ್ರಾಮಸ್ಥರ ತೀವ್ರ ವಿರೋಧದ ಹಿನ್ನೆಲೆಯಲ್ಲಿ, ಕ್ರಮವಾಗಿ 2012 ಮತ್ತು 2014ರಲ್ಲಿ ಕಸ ವಿಲೇವಾರಿ ಸ್ಥಗಿತಗೊಂಡಿತು. ಆದರೆ ಕಸದ ಲಾರಿಗಳು ನಿಂತ ಮಾತ್ರಕ್ಕೆ ಅನಿಲದ ಉತ್ಪತ್ತಿ ನಿಲ್ಲುವುದಿಲ್ಲ. ರಾಶಿಯೊಳಗಿನ ಹಸಿ ಕಸವು ಗಾಳಿಯಿಲ್ಲದೆ ಕೊಳೆಯುತ್ತಾ ಅನೇಕ ವರ್ಷಗಳವರೆಗೆ ಮೀಥೇನನ್ನು ಹೊರಸೂಸುತ್ತದೆ. ಸುಲಭವಾಗಿ ಹೊತ್ತಿಕೊಳ್ಳುವ ಈ ಅನಿಲವು ಕಸದ ರಾಶಿಗಳಲ್ಲಿ ಕಾಣಿಸಿಕೊಳ್ಳುವ ಬೆಂಕಿಗೂ ಕಾರಣವಾಗುತ್ತದೆ.

ಅಂದಾಜಿನ ವಿಧಾನ

ಇಡೀ ರಾಶಿಯಿಂದ ಹೊಮ್ಮುವ ಅನಿಲವನ್ನು ನೇರವಾಗಿ ಅಳೆಯುವುದು ಕಷ್ಟಸಾಧ್ಯ. ಆದುದರಿಂದ ಕಸದ ತೂಕ, ಸ್ವರೂಪ, ರಾಶಿಯ ಆಳ ಮತ್ತು ಮಳೆಯ ಪ್ರಮಾಣವನ್ನು ಆಧರಿಸಿ ಲೆಕ್ಕ ಹಾಕುವ ಕ್ರಮವನ್ನು ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ನೀಡಲಾಗಿದೆ.

ಅದರನ್ವಯ 1 ಟನ್ ಆಹಾರ ತ್ಯಾಜ್ಯದಲ್ಲಿ ಕೊಳೆಯಬಲ್ಲ ಇಂಗಾಲ 150 ಕೆ.ಜಿ.; ಅದರಲ್ಲಿ ಅರ್ಧದಷ್ಟು, ಅಂದರೆ 75 ಕೆ.ಜಿ., ವಾಸ್ತವವಾಗಿ ಕೊಳೆಯುತ್ತದೆ ಎಂದು ಪರಿಗಣಿಸಲಾಗುತ್ತದೆ. 5 ಮೀಟರ್‌ಗಿಂತ ಆಳವಾದ, ವ್ಯವಸ್ಥಿತವಲ್ಲದ ರಾಶಿಯಲ್ಲಿ ಇದರ ಶೇ. 80 ಭಾಗ ಗಾಳಿಯಿಲ್ಲದೆ ಕೊಳೆಯುತ್ತದೆ. ಹೀಗೆ ಉಂಟಾಗುವ ಅನಿಲದಲ್ಲಿ ಅರ್ಧ ಮೀಥೇನ್ ಆಗಿದ್ದು, ಅದರ ತೂಕ ಸುಮಾರು 40 ಕೆ.ಜಿ. ಆಗುತ್ತದೆ. ಆಳ ಕಡಿಮೆಯಿರುವ ರಾಶಿಯಲ್ಲಿ ಇದು 20 ಕೆ.ಜಿ. ಮಾತ್ರ. 100 ವರ್ಷಗಳ ಅವಧಿಯಲ್ಲಿ ಮೀಥೇನ್‌ನ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡ್‌ನ 28 ಪಟ್ಟು ಎಂದು ಗಣಿಸಿದಲ್ಲಿ, 40 ಕೆ.ಜಿ. ಮೀಥೇನ್ 1,120 ಕೆ.ಜಿ. ಡೈಆಕ್ಸೈಡ್‌ಗೆ ಸಮ, ಇದು ಸುರಿದ ಕಸದ ತೂಕಕ್ಕಿಂತಲೂ ಹೆಚ್ಚು.

ಅಂದಾಜಿನ ಇತಿಮಿತಿ

ಉಷ್ಣವಲಯದಲ್ಲಿ ವಾರ್ಷಿಕ ಮಳೆ 1,000 ಮಿ.ಮೀ. ಮೀರಿದ ಪ್ರದೇಶಗಳಲ್ಲಿ ಆಹಾರ ತ್ಯಾಜ್ಯದ ಅರ್ಧಭಾಗ ಸುಮಾರು 2 ವರ್ಷಗಳಲ್ಲಿ ಕೊಳೆಯುತ್ತದೆ. ಮಳೆ ಕಡಿಮೆಯಿರುವಲ್ಲಿ ಸುಮಾರು 8 ವರ್ಷ ಬೇಕಾಗುತ್ತದೆ. ಬೆಂಗಳೂರಿನ ಮಳೆ ಈ ಗಡಿಯ ಸಮೀಪದಲ್ಲಿಯೇ ಇರುವುದರಿಂದ, ಯಾವ ದರವನ್ನು ಆಯ್ದುಕೊಳ್ಳಲಾಗುತ್ತದೆ ಎಂಬುದರ ಮೇಲೆ ನಿರ್ದಿಷ್ಟ ವರ್ಷದ ಅಂದಾಜು ಗಣನೀಯವಾಗಿ ಬದಲಾಗುತ್ತದೆ. ಕಸವನ್ನು ತೂಗದೆ, ಬೇರ್ಪಡಿಸದೆ ಸುರಿದಿದ್ದಲ್ಲಿ ಲೆಕ್ಕದ ಬುನಾದಿಯೇ ಸಡಿಲವಾಗುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶ

ಹಸಿ ಕಸವನ್ನು ಗಾಳಿಯಾಡುವಂತೆ ಕಾಂಪೋಸ್ಟ್ ಮಾಡಿದಲ್ಲಿ, ಇದೇ ಮಾರ್ಗಸೂಚಿಯ ಪ್ರಕಾರ ಟನ್‌ಗೆ ಸುಮಾರು 4 ಕೆ.ಜಿ. ಮೀಥೇನ್ ಮಾತ್ರ ಹೊರಬರುತ್ತದೆ. ಒಮ್ಮೆ ಮಿಶ್ರವಾಗಿ ರಾಶಿ ಸೇರಿದ ಕಸವನ್ನು ಬೇರ್ಪಡಿಸುವುದು ದುಬಾರಿ ಕಾರ್ಯ. ಆದ್ದರಿಂದ ಮನೆಯಲ್ಲಿಯೇ ಹಸಿ ಕಸವನ್ನು ಪ್ರತ್ಯೇಕಿಸಿ ನೀಡುವುದು ಭೂಭರ್ತಿ ಘಟಕಗಳ ಸುತ್ತಲಿನ ಗ್ರಾಮಗಳ ಹಿತದೃಷ್ಟಿಯಿಂದಲೂ ಅತ್ಯಗತ್ಯ.